ಬಲಗಾಲಿನ ಮೇಲಿನ ಗುಮಾನಿ

ಇದರಲ್ಲಿ ಒಂದು ಅಕ್ಷರ ಸುಳ್ಳಿದ್ದರೂ ನಾಳೆ ಬೆಳಗಿನ ಮಾರಿಕುಪ್ಪಂ ರೈಲುಗಾಡಿ ನನ್ನನ್ನು ಬಿಟ್ಟು ಹೋಗಲಿ. ಬಂಗಾರಪೇಟೆಯಲ್ಲಿ ಆ ಗಾಡಿ ತಪ್ಪಿಸಿಕೊಂಡವನ ಪಾಡು ಕಂಡವರಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲವೆಂದು ಗೊತ್ತು. ಕಾರಿನ ಚಕ್ರದ ಶಾಖದಲ್ಲಿ ಕಡಲೆಕಾಯಿ ಹುರಿದದ್ದು ನಿಜ. ಮುದುಕಿಯೊಬ್ಬಳು ತಾನು ಇಳಿಯಬೇಕಾದ ಮನೆಯ ಮುಂದೆ ಇಳಿಯದೆ, ಅದಕ್ಕೆ ಕೈಬೀಸುತ್ತಾ ಹೋದದ್ದೂ ನಿಜ. ಜಯರಾಮಪ್ಪನ ಮನಸ್ಸಿನೊಳಗೆ ಏನಿತ್ತೆಂದು ನಿನಗೆ ಹೇಗೆ ಗೊತ್ತು ಎಂದು ಕೇಳುವವರು ಇರುತ್ತಾರೆ. ಆ ದಿನಗಳಲ್ಲಿ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ವಸ್ತು. ಅದೂ ಎಲ್ಲರಿಗೂ ಕಾಣುವ ಹಾಗೆ ಚಪ್ಪಲಿ ಹಾಕಿಕೊಂಡಿತ್ತು.

ಭಾನುವಾರ ಬೆಳಿಗ್ಗೆ ಜಯರಾಮಪ್ಪ ಉರಿಗಾಮಿನ ತನ್ನ ಮನೆಯ ಜಗಲಿಯ ಮೇಲೆ ಕೂತು ತನ್ನ ಬಲಗಾಲನ್ನು ನೋಡುತ್ತಿದ್ದ. ಕಾಲು ಸುಮ್ಮನಿತ್ತು. ಅದು ಸುಮ್ಮನಿರುವುದೇ ಅವನಿಗೆ ಅನುಮಾನ ಹುಟ್ಟಿಸಿತು. ಎಡಗಾಲು ಸಹಜವಾಗಿ ಸುಮ್ಮನಿದ್ದರೆ ಬಲಗಾಲು ಯಾರೋ ನೋಡುತ್ತಿದ್ದಾರೆಂದು ಸುಮ್ಮನಿದ್ದಂತಿತ್ತು. ಅವನು ಮೈನ್ಸಿನಲ್ಲಿ, ಅಂದರೆ ಚಿನ್ನದ ಗಣಿಯಲ್ಲಿ, ವೈಂಡಿಂಗ್ ಡ್ರೈವರು. ಗಣಿಗೆ ಇಳಿಯುವ ಶಾಫ್ಟಿನ ಬಾಯಿಯ ಪಕ್ಕದ ಎಂಜಿನ್ ಮನೆಯಲ್ಲಿ ಕೂತು, ಆನೆಯ ಹೊಟ್ಟೆಗಿಂತ ದಪ್ಪದ ರಾಟೆಗೆ ಸುತ್ತಿದ ಉಕ್ಕಿನ ಹಗ್ಗವನ್ನು ಬಿಟ್ಟು, ಎಳೆದು, ಆಳುಗಳು ತುಂಬಿದ ಕೇಜನ್ನು ಪಾತಾಳಕ್ಕೆ ಇಳಿಸಿ ಮತ್ತೆ ಮೇಲಕ್ಕೆ ತರುವ ಕೆಲಸ. ಕಣ್ಣಿಗೆ ಕಾಣದ ಆ ಆಳದಲ್ಲಿ ಕೇಜಿನ ನೆಲ ಸುರಂಗದ ನೆಲಕ್ಕೆ ಸಮವಾಗಿ ನಿಲ್ಲಬೇಕು. ಜಯರಾಮಪ್ಪ ನಿಲ್ಲಿಸಿದರೆ ಬೀಡಿಯ ತುದಿಯ ಬೂದಿ ಸಹ ಉದುರುವುದಿಲ್ಲ ಎನ್ನುತ್ತಿದ್ದರು. ಕೆಳಗೆ ಬೀಡಿ ಸೇದುವ ಹಾಗಿರಲಿಲ್ಲ, ಆದರೂ ಹಾಗೆನ್ನುತ್ತಿದ್ದರು. ಬ್ರೇಕಿನ ಲಿವರು ಅವನ ಕೈಯಲ್ಲಿ. ಆಪತ್ತಿನ ಬ್ರೇಕಿನ ಪೆಡಲು ಅವನ ಬಲಗಾಲಿನ ಕೆಳಗೆ. ಅದನ್ನು ಮುಟ್ಟಲೂ ಕೂಡದು, ಬಿಟ್ಟಿರಲೂ ಕೂಡದು. ಕೆಲಸ ಕಲಿಸಿದ ಮುದುಕ ಪೆಡಲಿಗೂ ಅವನ ಪಾದಕ್ಕೂ ನಡುವೆ ಹಸಿ ಕೋಳಿಮೊಟ್ಟೆ ಇಟ್ಟು ಇಡೀ ಪಾಳಿ ಕೂರಿಸುತ್ತಿದ್ದ. ಮೊದಮೊದಲು ಜಯರಾಮಪ್ಪನ ಚಪ್ಪಲಿಗೆ ಇರುವೆ ಮುತ್ತುತ್ತಿದ್ದವು. ಆಮೇಲೆ ಒಂದು ಮೊಟ್ಟೆಯೂ ಒಡೆಯಲಿಲ್ಲ. ಒಂದು ಪಾಳಿ ಮುಗಿಯುವ ಹೊತ್ತಿಗೆ ಮರಿಯಾಗಿತ್ತು ಎಂದು ಆ ಮುದುಕನೇ ಕೋಲಾರದವರೆಗೂ ಹೇಳಿಕೊಂಡು ಬಂದಿದ್ದ. ಅಂಥ ಕಾಲು. ಅದು ಈಗ ತನಗೆ ಗೊತ್ತಿಲ್ಲದೆ ಏನನ್ನೋ ತುಳಿಯುತ್ತಿದೆ.

ಎಲ್ಲ ಶುರುವಾದದ್ದು ಕಾರಿನಿಂದ. ಸರ್ಕಾರ ಮೈನ್ಸನ್ನು ವಹಿಸಿಕೊಂಡ ಮೇಲೆ ವಿಲಾಯತಿಗೆ ಹೊರಟ ಬಿಳಿ ದೊರೆಯೊಬ್ಬ ಬಿಟ್ಟುಹೋದ ಹಳೆಯ ಮಾರಿಸ್ ಅದು. ಬ್ರೇಕು ಹಿಡಿಯುತ್ತಿರಲಿಲ್ಲ. ಬಂಗಾರಪೇಟೆಯ ಮೆಕ್ಯಾನಿಕ್ ಕುಪ್ಪುಸ್ವಾಮಿ ರಬ್ಬರುಗಳನ್ನೆಲ್ಲ ಹೊಸದು ಹಾಕಿ ರಿಪೇರಿ ಮಾಡಿಕೊಟ್ಟ. ಅಂದಿನಿಂದ ಬ್ರೇಕು ಬಿಡುತ್ತಿಲ್ಲ. ಬೆಳಿಗ್ಗೆ ಹೊರಡುವಾಗ ಸಾಧುವಾಗಿರುತ್ತದೆ. ಒಂದೆರಡು ಮೈಲಿ ಹೋಗಿ, ನಾಲ್ಕು ಸಲ ಬ್ರೇಕು ತುಳಿಯುವಷ್ಟರಲ್ಲಿ ಎಂಜಿನ್ನು ಏದುಸಿರು ಬಿಡುತ್ತದೆ, ಸೈಕಲ್ಲಿನವರು ಮುಂದೆ ಹೋಗಿ ಹಿಂತಿರುಗಿ ನೋಡುತ್ತಾರೆ. ಒಮ್ಮೆ ಬೇತಮಂಗಲದ ದಾರಿಯಲ್ಲಿ ಚಕ್ರ ಕಳಚಿ ನೋಡಿದಾಗ ಒಳಗಿನ ಬ್ರೇಕ್ ಡ್ರಮ್ಮು ಒಲೆಯ ಹಾಗಿತ್ತು. ಹೆಂಡತಿ ಮಂಗಮ್ಮನ ಮಡಿಲಲ್ಲಿ ಹಸಿ ಕಡಲೆಕಾಯಿ ಇತ್ತು. ಅವಳು ಒಂದು ಹಿಡಿ ಡ್ರಮ್ಮಿನ ಮೇಲಿಟ್ಟು, ಸೆರಗಿನ ತುದಿಯಿಂದ ಹೊರಳಿಸಿ, ಸುಲಿದು, ಅವನ ಕೈಗೂ ಕೊಟ್ಟಳು. ಅವನು ತಿಂದ. ಅವಮಾನ ಚೆನ್ನಾಗಿ ಹುರಿದಿತ್ತು. ನಾಲ್ಕು ಚಕ್ರವನ್ನೂ ಮುಟ್ಟಿ ನೋಡಿದ, ನಾಲ್ಕೂ ಸುಡುತ್ತಿದ್ದವು. ಒಂದು ಚಕ್ರ ಮಾತ್ರ ಬಿಸಿಯಾದರೆ ಆ ಚಕ್ರದ ತಪ್ಪು. ಹಿಂದಿನ ಎರಡು ಮಾತ್ರ ಬಿಸಿಯಾದರೆ ಕೈಬ್ರೇಕಿನ ತಪ್ಪು. ನಾಲ್ಕೂ ಬಿಸಿಯಾದರೆ? ನಾಲ್ಕು ಚಕ್ರಕ್ಕೂ ಸೇರಿದ್ದು ಒಂದೇ ಪೆಡಲು. ಆ ಪೆಡಲಿನ ಮೇಲೆ ಇರುವುದು—ಅವನು ಕೆಳಗೆ ನೋಡಿದ್ದ. ಚಪ್ಪಲಿಯ ಮೇಲೆ ಕಡಲೆಕಾಯಿ ಸಿಪ್ಪೆ ಬಿದ್ದಿತ್ತು.

ಅದನ್ನೇ ಕುಪ್ಪುಸ್ವಾಮಿ ಬಾಯಿಬಿಟ್ಟು ಹೇಳಿದ. "ಸಾರ್, ತಪ್ಪಾಗಿ ತಿಳ್ಕೋಬೇಡಿ. ನಾನು ಓಡಿಸಿದ್ರೆ ವಂಡಿ ಜಿಂಕೆ ಮಾದಿರಿ ಓಗ್ತದೆ. ನೀವು ಓಡಿಸಿದ್ರೆ ಎಮ್ಮೆ. ನಡುವೆ ಬದಲಾಗೋದು ಏನು ಸಾರ್? ಕಾಲೇ. ನೀವು ದಿನಾ ಆ ವೈಂಡರ್‌ನಾಗೆ ಕಾಲಿಟ್ಟು ಇಟ್ಟು ಅದಕ್ಕೆ ಅಭ್ಯಾಸ ಆಗ್ಬಿಟ್ಟದೆ."

"ನಾನು ಅದರ ಮ್ಯಾಲೆ ಕಾಲೇ ಇಕ್ಕಿಲ್ಲ ಕಣಯ್ಯಾ."

"ನಿಮಗೆ ಗೊತ್ತಾಗಲ್ಲ ಸಾರ್. ಗೊರಕೆ ಒಡೆಯೋನಿಗೆ ಗೊರಕೆ ಕೇಳ್ತದಾ?"

ಕುಪ್ಪುಸ್ವಾಮಿ ಓಡಿಸಿ ನೋಡಿದ್ದು ಸ್ಟೇಷನ್ನಿನಿಂದ ಲೆವೆಲ್ ಕ್ರಾಸಿಂಗಿನವರೆಗೆ, ಕಾರು ರಾತ್ರಿಯಿಡೀ ತಣ್ಣಗಾದ ಮೇಲೆ. ಇದು ಜಯರಾಮಪ್ಪನಿಗೆ ಹೊಳೆಯಲಿಲ್ಲ. ತಪ್ಪು ತನ್ನದೇ ಇರಬೇಕೆಂದು ಒಳಗೆ ಆಗಲೇ ಒಪ್ಪಿಕೊಂಡವನಿಗೆ ಸಾಕ್ಷಿ ಹೇಗಿದ್ದರೂ ನಡೆಯುತ್ತದೆ. ಆ ಮಾತು ಬಂಗಾರಪೇಟೆಯಿಂದ ರೈಲಿನಲ್ಲಿ ಹೊರಟು ಅವನ ಕಾರಿಗಿಂತ ಮೊದಲು ಉರಿಗಾಮಿಗೆ ಬಂತು. ಮಾರನೆಯ ದಿನ ಕೇಜಿನ ಬಾಗಿಲಲ್ಲಿ ಸಾಲು ನಿಂತ ಆಳುಗಳು ಎಂಜಿನ್ ಮನೆಯ ಕಿಟಕಿಯ ಕಡೆ ನೋಡಿದರು. ಅವನ ಮುಖ ನೋಡಲಿಲ್ಲ, ಇನ್ನೂ ಕೆಳಗೆ ನೋಡಲು ಬಗ್ಗಿದರು. ಕೇಜಿನ ಬಾಯಿಯಲ್ಲಿ ಗಂಟೆ ಹೊಡೆಯುವ ಸೀನಪ್ಪ ಬಾಗಿಲಿಗೆ ಬಂದು, ಮನೆಯಲ್ಲಿ ಕಾಯಿಲೆಯ ಮನುಷ್ಯರಿದ್ದರೆ ಕೇಳುವ ದನಿಯಲ್ಲಿ ಕೇಳಿದ:

"ಜಯರಾಮಣ್ಣಾ, ಕಾಲು ಎಂಗೈತೆ ಈಗ?"

"ಅದಕ್ಕೇನ್ಲಾ ಆಗೈತೆ?"

"ಏನಿಲ್ಲ ಬಿಡಣ್ಣ. ನಮ್ಮ ಉಡುಗ್ರು ಕೇಳ್ತಿದ್ರು. ಅರ್ಧದಾಗೆ ನಿಲ್ಲಿಸ್ಬಿಟ್ರೆ ಊಟ ಕಟ್ಕೊಂಡು ಓಗಾವಾ ಅಂತ."

ಹೊಸ ಇಂಜಿನಿಯರು ಮೈಸೂರು ಕಡೆಯವರು, ಮಾತು ಕಡಿಮೆ. ಸೋಮವಾರ ಬೆಳಿಗ್ಗೆ ಎಂಜಿನ್ ಮನೆಗೆ ಬಂದು ವಿಚಾರಿಸುತ್ತೇನೆ ಎಂದು ಹೇಳಿ ಕಳಿಸಿದ್ದರು. ಕಾಲಿನಲ್ಲಿ ಐಬಿರುವ ಡ್ರೈವರನನ್ನು ವೈಂಡರಿನ ಮೇಲೆ ಕೂರಿಸುವ ಹಾಗಿಲ್ಲ. ಆ ಕುರ್ಚಿ ಹೋದರೆ ತನ್ನನ್ನು ಎಲ್ಲಿ ಕೂರಿಸುತ್ತಾರೆ? ದೀಪದ ಕೋಣೆಯಲ್ಲಿ ಗಾಜು ಒರೆಸಲು. ಸೀನಪ್ಪ ಅಲ್ಲಿಗೂ ಬಂದು ಕಾಲಿನ ಯೋಗಕ್ಷೇಮ ಕೇಳುತ್ತಾನೆ. ಜಗಲಿಯ ಮೇಲೆ ಕೂತ ಜಯರಾಮಪ್ಪ ಬಲಗಾಲನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿದ. ಬಾಗಿಲಲ್ಲಿ ನಿಂತ ಮಂಗಮ್ಮ, "ಸಾಕು ಏಳಿ. ಅದು ಒಬ್ಬರ ಮಾತೂ ಕೇಳಲ್ಲ. ಪೆದ್ದಮ್ಮ ಕಾಯ್ತಾ ಇರ್ತಾಳೆ," ಅಂದಳು.

ಪೆದ್ದಮ್ಮ ಮಂಗಮ್ಮನ ತಾಯಿಯ ಅಕ್ಕ. ಕ್ಯಾಸಂಬಳ್ಳಿಯಿಂದ ಅವಳನ್ನು ಕರೆತರಬೇಕಾಗಿತ್ತು. ಅವಳ ಗಂಡ ಬದುಕಿರುವವರೆಗೂ ಮೈನ್ಸಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದವನು. ಹಾಗಾಗಿ ತನಗೆ ಎಲ್ಲ ಯಂತ್ರವೂ ಗೊತ್ತು ಎಂದು ಅವಳ ನಂಬಿಕೆ. ಒಂದು ಮಡಕೆ ಮೊಸರು, ಒಂದು ಕುಂಬಳಕಾಯಿ, ಎರಡು ಸೋರೆಕಾಯಿಯ ನಡುವೆ ಹಿಂದಿನ ಸೀಟಿನಲ್ಲಿ ಕೂತು ಅವಳು ಸೀರೆ ಸರಿಮಾಡಿಕೊಂಡಳು. ಊರು ದಾಟಿ ಸ್ವಲ್ಪ ದೂರ ಬಂದದ್ದೇ ತಡ, ಕಾರು ಮುನಿಸಿಕೊಂಡಿತು. ಜಯರಾಮಪ್ಪ ಬಲಗಾಲಿನ ಮೇಲೆ ಕಣ್ಣಿಟ್ಟು ಓಡಿಸುತ್ತಿದ್ದ. ರಸ್ತೆಯ ಮೇಲೆ ಕಣ್ಣಿಡುವ ಕೆಲಸ ಮಂಗಮ್ಮನಿಗೆ ಬಂದಿತ್ತು. ಕಾಲು ಅಲ್ಲಿಲ್ಲ, ನಾನೇ ನೋಡುತ್ತಿದ್ದೇನೆ, ಪೆಡಲಿನಿಂದ ಗೇಣು ದೂರ ಇದೆ, ಅಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ, ಮೊಟ್ಟೆಯ ಮೇಲೆ ಕೂತ ಕಾಲವೆಲ್ಲ ನೆನಪಾಗಿ, ಕಣ್ಣಿಗೆ ಕಾಣುವಾಗ ಒಂದು, ಕಾಣದಾಗ ಒಂದು ಮಾಡುವಷ್ಟು ಈ ಕಾಲು ಪಳಗಿದೆ ಅನ್ನಿಸಿತು. ಉರಿಗಾಂ ಕಾಣುವ ಇಳಿಜಾರಿನ ತಲೆಯ ಮೇಲೆ, ಎದುರಿಗೆ ಚಿನ್ನ ತೆಗೆದು ಸುರಿದ ಸೈನೈಡು ಮಣ್ಣಿನ ಬಿಳಿ ದಿಬ್ಬಗಳು ಹರಡಿದ್ದ ಕಡೆ, ಕಾರು ನಿಂತುಬಿಟ್ಟಿತು. ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿಕೊಂಡು, ನಿಂತಿತು.

"ಯಾಕೆ ನಾಯನಾ ನಿಲ್ಲಿಸ್ಬಿಟ್ಟೆ?" ಎಂದಳು ಪೆದ್ದಮ್ಮ.

"ನಾನು ನಿಲ್ಲಿಸಿಲ್ಲ ಪೆದ್ದಮ್ಮ."

"ಮತ್ತೆ? ನಾನಾ?"

"ಕಾಲಂತೆ," ಎಂದಳು ಮಂಗಮ್ಮ.

ಅವನು ಎಂಜಿನ್ನು ಆರಿಸಿ, ಗೇರು ತೆಗೆದು, ಸಿಟ್ಟಿನಿಂದ ಕೆಳಗಿಳಿದ. ಇಳಿದು ಎರಡು ಹೆಜ್ಜೆ ಹೋಗಿ ನಿಂತ. ಬಿಸಿಲು ಬಿಳಿ ದಿಬ್ಬಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅವನು ತಿರುಗಿ ಕಾರನ್ನು ನೋಡಿದ. ಕಾರು ಇಳಿಜಾರಿನಲ್ಲಿದೆ. ಗೇರಿಲ್ಲ. ಆದರೂ ಉರುಳುತ್ತಿಲ್ಲ. ತಾನು ಹೊರಗಿದ್ದೇನೆ. ಕಾಲು ತನ್ನ ಜೊತೆ ಇದೆ. ಅವನು ಬಗ್ಗಿ ಎರಡೂ ಕಾಲನ್ನು ಮುಟ್ಟಿ ನೋಡಿಕೊಂಡ. ಎರಡೂ ಇದ್ದವು. ಇಷ್ಟು ದಿನ ಕಾರಿನಿಂದ ಇಳಿದು ನೋಡಬೇಕೆಂದು ಯಾಕೆ ಹೊಳೆಯಲಿಲ್ಲ ಎಂಬುದನ್ನು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಆ ಕ್ಷಣದ ಸುಖ ಹಾಳಾಗುತ್ತಿತ್ತು.

"ಮಂಗಮ್ಮಾ, ಇಳಿದು ಬಂದು ನೋಡು. ನನ್ನ ಕಾಲೆಲ್ಲಿ ಐತೆ ಏಳು."

ಮಂಗಮ್ಮ ಇಳಿದು ಬಂದು ನೋಡಿದಳು. "ಕಾಲಿನ ಜಾಗದಾಗೆ ಐತೆ."

"ಕಾರು ನಿಂತೈತಾ?"

"ನಿಂತೈತೆ."

"ಮತ್ತೆ?"

"ಮತ್ತೇನು. ಇಬ್ಬರೂ ನಿಂತಿದ್ದೀರಿ. ಬಿಸಿಲು."

ಅವನು ಕೈಬ್ರೇಕಿನ ತಂತಿಯನ್ನೇ ಕಳಚಿದ, ಅದರ ಮೇಲೂ ಅನುಮಾನ ಉಳಿಯಬಾರದೆಂದು. ಕಾರು ಅಲುಗಲಿಲ್ಲ. ಪೆಡಲನ್ನು ಕೈಯಿಂದ ಮೇಲಕ್ಕೆ ಎಳೆದು ನೋಡಿದ. ಪೆಡಲು ಪೂರ್ತಿ ಮೇಲೆ ಬಂದು, ಆಡುವಷ್ಟು ಆಡಿತು. ಪೆಡಲಿನದೂ ತಪ್ಪಲ್ಲ. ಹಾಗಾದರೆ ಪೆಡಲಿಗೂ ಚಕ್ರಕ್ಕೂ ನಡುವೆ, ಕೊಳವೆಯ ಎಣ್ಣೆಯಲ್ಲಿ ಒತ್ತಡ ಸಿಕ್ಕಿಕೊಂಡಿದೆ; ತುಳಿದಾಗ ಹೋದ ಎಣ್ಣೆ ಹಿಂದಕ್ಕೆ ಬರುತ್ತಿಲ್ಲ. ಚಕ್ರದ ಹಿಂದಿನ, ಗಾಳಿ ತೆಗೆಯುವ ಪುಟ್ಟ ತಿರುಪನ್ನು ಸ್ವಲ್ಪ ಬಿಟ್ಟರೆ ಗೊತ್ತಾಗುತ್ತದೆ. ನಾಲ್ಕು ಚಕ್ರಕ್ಕೂ ಎಣ್ಣೆ ಒಂದೇ; ಅದು ಚಿಮ್ಮಿ ಚಕ್ರಗಳು ಸಡಿಲವಾದರೆ ತಪ್ಪು ಅಲ್ಲೇ. ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನು ಸ್ಪ್ಯಾನರು ಹಿಡಿದು ಹಿಂದಿನ ಚಕ್ರದ ಹತ್ತಿರ ಮಲಗಿಯೇಬಿಟ್ಟ. ಚಕ್ರಕ್ಕೆ ಕಲ್ಲು ಇಡಲಿಲ್ಲ. ಇಷ್ಟು ಹೊತ್ತು ಬೇಡಿಕೊಂಡರೂ ಕದಲದ ಕಾರಿಗೆ ಕಲ್ಲಿಡುವುದು ಅವನಿಗೆ ಅದನ್ನು ಹೊಗಳಿದಂತೆ ಕಂಡಿತು.

"ಪೆದ್ದಮ್ಮ, ಒಸಿ ಇಳಿ," ಎಂದಳು ಮಂಗಮ್ಮ.

"ಉರಿಗಾಂ ಬಂತಾ?"

"ಇಲ್ಲ."

"ಬಂದ ಮ್ಯಾಲೆ ಇಳೀತೀನಿ."

ತಿರುಪು ಬಿಟ್ಟಿತು. ಎಣ್ಣೆ ಪಿಚಕಾರಿಯ ಹಾಗೆ ಅವನ ಅಂಗೈಗೆ, ಮೊಣಕೈಗೆ, ಮೀಸೆಗೆ ಚಿಮ್ಮಿತು. ಚಕ್ರ ಉಸಿರು ಬಿಟ್ಟಂತೆ ಸದ್ದು ಮಾಡಿತು. ಆಮೇಲೆ ಸ್ಪ್ಯಾನರು ಅವನ ಕೈಯಲ್ಲೇ ಉಳಿದು ಕಾರು ಹೋಯಿತು. ಹೊಸ ಕಾರಿನ ಹಾಗೆ, ಸದ್ದಿಲ್ಲದೆ, ಮೆತ್ತಗೆ, ಆಮೇಲೆ ಅಷ್ಟೇನೂ ಮೆತ್ತಗಲ್ಲದೆ ಹೋಯಿತು. ಮಂಗಮ್ಮ ಓಡಿದಳು. ಅವನು ಮಲಗಿದಲ್ಲೇ ತಲೆಯೆತ್ತಿ, ಹಿಂದಿನ ಗಾಜಿನಲ್ಲಿ ಪೆದ್ದಮ್ಮನ ತುರುಬು ಸಣ್ಣದಾಗುತ್ತಾ ಹೋಗುವುದನ್ನು ನೋಡಿದ. ನಾಚಿಕೆಯಾಗಬೇಕು, ಆದರೆ ಮೊದಲು ಬಂದದ್ದು ಬಹಳ ದಿನದ ಮೇಲೆ ಬಂದ ಹೆಮ್ಮೆ: ಕಾಲಲ್ಲ, ಕಾಲಲ್ಲ. ಕಾರು ರಸ್ತೆ ಬಿಟ್ಟು ಸೈನೈಡು ದಿಬ್ಬದ ಬುಡದ ಹಿಟ್ಟಿನಂಥ ಮಣ್ಣಿಗೆ ನುಗ್ಗಿ, ಬಿಳಿಯ ಧೂಳೆಬ್ಬಿಸಿ, ನಿಂತಿತು. ಧೂಳು ಇಳಿದಾಗ ಪೆದ್ದಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. ಹುಬ್ಬಿನವರೆಗೂ ಬೆಳ್ಳಗಾಗಿದ್ದಳು.

"ಈಗ ಸರಿಯಾಗಿ ಓಡಿಸ್ದೆ ನಾಯನಾ," ಅಂದಳು. "ಮೊದಲೇ ಇಂಗೆ ಓಡಿಸಾಕೆ ಏನಾಗಿತ್ತು?"

ಅವನು ಕೈ ಒರೆಸಿಕೊಳ್ಳಲು ಹೋಗಿ ಅಂಗೈಯನ್ನು ಮೂಗಿನ ಹತ್ತಿರ ತಂದ. ಅದು ಬ್ರೇಕಿನ ಎಣ್ಣೆಯ ವಾಸನೆಯಲ್ಲ. ಅದು ಅವನ ಕುರ್ಚಿಯ ವಾಸನೆ, ರಾಟೆಯ ವಾಸನೆ, ಬೆಳಗಿನ ಪಾಳಿಯ ಗಂಟೆಯ ವಾಸನೆ. ರಿಪೇರಿಯ ದಿನ ಕುಪ್ಪುಸ್ವಾಮಿ, ಬ್ರೇಕ್ ಆಯಿಲು ಸಾಲಲಿಲ್ಲ ಸಾರ್, ಬೆಂಗಳೂರಿಂದ ತರಿಸ್ತೀನಿ, ಬೇರೆ ಏನೂ ಉಯ್ಯಬೇಡಿ, ಎಂದಿದ್ದ. ಬೇರೆ ಏನೂ ಎಂದರೆ ಊರಿನ ಅಂಗಡಿಗಳ ಕಚಡಾ ಎಣ್ಣೆ ಎಂದು ಜಯರಾಮಪ್ಪ ತಿಳಿದಿದ್ದ. ವೈಂಡರಿನ ಎಣ್ಣೆ ಬೇರೆ ಏನೋ ಹೇಗಾಗುತ್ತದೆ? ಜೇನಿನ ಬಣ್ಣದ, ಬೆರಳಿಗೆ ರೇಷ್ಮೆಯ ಹಾಗೆ ತಾಗುವ ಆ ಎಣ್ಣೆಯನ್ನು ನಂಬಿ ಒಂದು ಕೇಜು ತುಂಬ ಆಳುಗಳು ದಿನಾ ಪಾತಾಳಕ್ಕೆ ಇಳಿಯುತ್ತಾರೆ. ಅಂಥ ಎಣ್ಣೆ ಒಂದು ಮಾರಿಸ್ ಕಾರಿಗೆ ಸಾಲದೆ? ಊಟದ ಕ್ಯಾರಿಯರಿನ ಸಾರಿನ ಡಬ್ಬಿಯಲ್ಲಿ ಅದನ್ನು ತಂದು ಬ್ರೇಕಿಗೆ ಹುಯ್ದಿದ್ದ. ಮೈನ್ಸಿನ ಗೇಟಿನಲ್ಲಿ ಹೊರಗೆ ಬರುವವರ ತಲೆಗೂದಲು, ಬೀಡಿ ಕಟ್ಟು, ಹಲ್ಲಿನ ಸಂದಿಯನ್ನೂ ಬಿಡದೆ ಹುಡುಕುವ ಕಾವಲಿನವನು ಅವನನ್ನು ಕಂಡು ಮೇಲಿನ ಡಬ್ಬಿ ಮಾತ್ರ ತೆಗೆಸಿ, ಉಳಿದ ಅನ್ನ ನೋಡಿ, ಏನಣ್ಣಾ ಊಟ ಮಾಡಿಲ್ಲ, ಎಂದು ಮರುಗಿದ್ದ. ಹೊಟ್ಟೆ ಸರಿಯಿಲ್ಲ ಎಂದಿದ್ದ ಜಯರಾಮಪ್ಪ. ಆಗ ಅದು ಕಳವು ಎಂದು ಅನ್ನಿಸಿರಲಿಲ್ಲ. ದೇವರ ಗುಡಿಯಿಂದ ತೀರ್ಥ ತಂದ ಹಾಗಿತ್ತು. ಈಗ ಬಿಸಿಲಲ್ಲಿ ಕೂತು ಅಂಗೈ ಮೂಸುತ್ತಿದ್ದಾಗ ಅದು ಕಳವೇ ಎಂದು ತಿಳಿಯಿತು. ಮೈನ್ಸಿನಿಂದ ಒಂದು ಗುಲಗಂಜಿ ಹೊರಗೆ ತಂದರೂ ಕೆಲಸ ಹೋಗುತ್ತದೆ. ಕಾಲು ಪಾರಾಯಿತು, ಕೈ ಸಿಕ್ಕಿಬಿತ್ತು.

ತಿರುಪು ಬಿಗಿದು, ದಾರಿಹೋಕರಿಂದ ತಳ್ಳಿಸಿ ಕಾರನ್ನು ರಸ್ತೆಗೆ ತಂದ. ಬ್ರೇಕನ್ನು ಮತ್ತೆ ತುಳಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ತುಳಿಯದೆ ಹೋಗುವುದು. ಕೈಬ್ರೇಕಿನ ತಂತಿ ಮಂಗಮ್ಮನ ಮಡಿಲಲ್ಲಿ ಸುತ್ತಿಕೊಂಡಿತ್ತು. ಕಾರು ಹಗುರವಾಗಿ ಹಾರುತ್ತಿತ್ತು. ಉರಿಗಾಂ ಬಂತು, ಅವನ ಮನೆ ಬಂತು, ಮನೆಯ ಮುಂದಿನ ನುಗ್ಗೆ ಮರ ಬಂತು, ಎಲ್ಲವೂ ಹೋದವು. "ಮನೆ," ಎಂದಳು ಮಂಗಮ್ಮ. "ಊಂ," ಎಂದ ಜಯರಾಮಪ್ಪ. ಪೆದ್ದಮ್ಮ ಬಿಳಿಯ ಮುಖದಲ್ಲಿ ಮನೆಯ ಕಡೆ ಕೈಬೀಸಿದಳು. ಪಕ್ಕದ ಮನೆಯವರು ಗುರುತು ಸಿಗದೆ ಕೈಮುಗಿದರು. ಎಂಜಿನ್ನು ಆರಿಸಿದ್ದರೆ ಎಲ್ಲಾದರೂ ನಿಲ್ಲುತ್ತಿತ್ತು ಎಂದು ನೀವು ಹೇಳಬಹುದು. ನಿಲ್ಲುತ್ತಿತ್ತು. ಆದರೆ ನಿಲ್ಲಿಸುವುದರಲ್ಲೇ ಹೆಸರು ಮಾಡಿದವನಿಗೆ, ನಿಲ್ಲದೆ ಹೋಗುವುದರಲ್ಲಿ ಇಂಥದೊಂದು ಸುಖವಿದೆ ಎಂದು ಗೊತ್ತಾದದ್ದು ಆವತ್ತೇ. ಬಂಗಾರಪೇಟೆಯಲ್ಲಿ ಕುಪ್ಪುಸ್ವಾಮಿಯ ಶೆಡ್ಡಿನ ಮುಂದಿನ ಹಳೆ ಟೈರುಗಳ ರಾಶಿಗೆ ಗುದ್ದಿ ನಿಂತರು. ಮೊಸರಿನ ಮಡಕೆಯಲ್ಲಿ ಬೆಣ್ಣೆ ತೇಲಿತ್ತು.

ಕುಪ್ಪುಸ್ವಾಮಿ ಬ್ರೇಕಿನ ಎಣ್ಣೆ ಇರುವ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಒಳಗಿನ ರಬ್ಬರನ್ನು ಎಳೆದ. ಅದು ಬರಲಿಲ್ಲ. ಇಕ್ಕಳ ಹಾಕಿ ಎಳೆದಾಗ ಬಂದದ್ದು ಉದ್ದಿನ ವಡೆಯಷ್ಟಿತ್ತು.

"ನೋಡಿ ಸಾರ್. ಇದು ಊದಿಕೊಂಡು ಎಣ್ಣೆ ವಾಪಸ್ ಬರೋ ತೂತನ್ನೇ ಮುಚ್ಚಿಬಿಟ್ಟದೆ. ಏನು ಉಯ್ದ್ರಿ?"

"ಅರಳೆಣ್ಣೆ," ಎಂದ ಜಯರಾಮಪ್ಪ.

"ಅರಳೆಣ್ಣೆಗೆ ರಬ್ಬರ್ ಊದಲ್ಲ ಸಾರ್. ಇದು ಮಿಷಿನ್ ಎಣ್ಣೆ."

ಪೆದ್ದಮ್ಮ ಬಾಗಿ ರಬ್ಬರನ್ನು ಮೂಸಿದಳು. ಅವಳ ಮುಖ ಮೆತ್ತಗಾಯಿತು. "ನಮ್ಮಾಯಪ್ಪನ ಅಂಗಿ ವಾಸನೆ," ಎಂದಳು ಗಂಡನನ್ನು ನೆನೆದು. "ಇದು ಮೈನ್ಸ್‌ದು ಕಣಪ್ಪಾ, ದೊಡ್ಡ ರಾಟೆಗೆ ಬಿಡ್ತಿದ್ರಲ್ಲಾ, ಅದು. ನೀನೆಂಗೆ ತಂದೆ ನಾಯನಾ? ಗೇಟಿನಾಗೆ ಬಿಡ್ತಾರಾ ಈಗ?"

ಕುಪ್ಪುಸ್ವಾಮಿ ಏನೂ ಕೇಳಿಸದವನ ಹಾಗೆ ಬಹಳ ಹೊತ್ತು ಕೈ ತೊಳೆದ. ಆಮೇಲೆ, "ಸಾರ್, ನಾನು ತಪ್ಪಾಗಿ ಏಳಿಬಿಟ್ಟೆ. ನಾಳೆ ರೈಲಿನಾಗೆ ಎಲ್ಲರಿಗೂ ಏಳಿಬಿಡ್ತೀನಿ, ಕಾಲಲ್ಲ, ಎಣ್ಣೆ ಅಂತ," ಎಂದ.

"ಎಣ್ಣೆ ಅಂತ ಏಳ್ಬೇಡ."

"ಅಂಗಾದ್ರೆ ಏನಂತ ಏಳಲಿ?"

ಜಯರಾಮಪ್ಪ ಬಗ್ಗಿ ಬಲಗಾಲಿನ ಚಪ್ಪಲಿಯ ಬಿಳಿ ಧೂಳು ಒರೆಸಿದ.

"ಕಾಲು ಅಂತಾನೇ ಇರಲಾ ಸಾರ್?"

ಸೋಮವಾರ ಬೆಳಿಗ್ಗೆ ಅವನು ಕುರ್ಚಿಯ ಮೇಲೆ ಕೂತಾಗ ಇದೇ ಪ್ರಶ್ನೆ ಅವನ ಜೊತೆ ಕೂತಿತ್ತು. ಕಾಲು ಅಂದರೆ ದೀಪದ ಕೋಣೆ. ಎಣ್ಣೆ ಅಂದರೆ ಗೇಟಿನ ಆಚೆ. ಕಾಲನ್ನು ಒಪ್ಪಿಕೊಂಡರೆ ಕಳ್ಳನಲ್ಲ, ಕುಂಟ. ಎಣ್ಣೆಯನ್ನು ಒಪ್ಪಿಕೊಂಡರೆ ಕುಂಟನಲ್ಲ, ಕಳ್ಳ. ರಾಟೆಯ ಬೇರಿಂಗಿನ ಪಕ್ಕದ ಎಣ್ಣೆ ಬಟ್ಟಲು ಬಿಸಿಲಿಗೆ ಜೇನಿನ ಹಾಗೆ ಹೊಳೆಯುತ್ತಿತ್ತು, ಏನೂ ಗೊತ್ತಿಲ್ಲದ ಹಾಗೆ. ಗೋಡೆಯ ಮೇಲಿನ ಹಲಗೆಯಲ್ಲಿ, ಗಂಟೆಯಾದ ಮೇಲೆ ಡ್ರೈವರನ ಜೊತೆ ಯಾರೂ ಮಾತಾಡಕೂಡದು ಎಂದು ಮೂರು ಭಾಷೆಯಲ್ಲಿ ಬರೆದಿತ್ತು. ಗಂಟೆಯಾಗುವ ಮೊದಲು ಏನು ಮಾತಾಡಬೇಕೆಂದು ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ಕಿಟಕಿಯ ಆಚೆ ಸೀನಪ್ಪ ಕೇಜಿನ ಬಾಗಿಲು ಹಿಡಿದು ನಿಂತು, ಅವನ ಕಡೆ ನೋಡಿ, ತನ್ನ ಬಲಗಾಲನ್ನು ಒಮ್ಮೆ ನಿಧಾನವಾಗಿ ಎತ್ತಿ ಇಳಿಸಿದ. ಆಳುಗಳು ಆಗಲೇ ಒಳಗೆ ತುಂಬಿಕೊಂಡಿದ್ದರು.

ಇಂಜಿನಿಯರು ಬಂದರು. ಗಣಿಗೆ ಇಳಿಯುವ ಉಡುಪಿನಲ್ಲಿದ್ದರು, ತಲೆಗೆ ಟೋಪಿ, ಕೈಯಲ್ಲಿ ದೀಪ.

"ಏನ್ರೀ ಜಯರಾಮಪ್ಪ, ನಿಮ್ಮ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತಂತೆ. ಹೌದಾ?"

ಹೌದು ಸಾರ್ ಎಂದರೆ ಸಾಕಿತ್ತು, ಕಳವು ಮುಚ್ಚಿಹೋಗುತ್ತಿತ್ತು. ಅವನು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಕಾಲಿನ ಮೇಲೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಇಷ್ಟು ವರ್ಷ ಒಂದು ಮೊಟ್ಟೆಯನ್ನೂ ಒಡೆಯದ ಕಾಲು.

"ಇಲ್ಲ ಸಾರ್. ಕಾಲಿಂದೇನೂ ತಪ್ಪಿಲ್ಲ," ಎಂದ. ದನಿ ಅವನಿಗೇ ಗಟ್ಟಿಯಾಗಿ ಕೇಳಿಸಿತು. "ತಪ್ಪು ಕಾರಿನಾಗಿನ ಎಣ್ಣೇದು. ಆ ಎಣ್ಣೆ ಅಂಗಡೀದಲ್ಲ ಸಾರ್. ಏಳ್ಬಿಡ್ತೀನಿ, ಆಮ್ಯಾಲೆ ನೀವು ಏನು ಬೇಕಾದ್ರೂ ಮಾಡಿ. ಅದನ್ನ ನಾನು ಇಲ್ಲಿಂದ, ಈ ಬಟ್ಟಲಿಂದ, ನಮ್ಮ ಮನೆ ಸಾರಿನ—"

ಗಂಟೆಯಾಯಿತು. ಆಳು ಇಳಿಯುವ ಗಂಟೆ. ಇಂಜಿನಿಯರು ಹಲಗೆಯ ಕಡೆ ಒಮ್ಮೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ತಿರುಗಿ ನಡೆದೇಬಿಟ್ಟರು. ಬಾಗಿಲು ದಾಟಿದರು. ಅಂಗಳದಲ್ಲಿ ಸೀನಪ್ಪ ಅವರಿಗೆ ಜಾಗ ಬಿಡಿಸಿದ. ಅವರು ಟೋಪಿ ಸರಿಮಾಡಿಕೊಂಡು, ತಲೆ ಬಗ್ಗಿಸಿ, ಆ ಕಾಲನ್ನೇ ನಂಬಿ ಆಳುಗಳ ನಡುವೆ ಕೇಜಿನೊಳಗೆ ನಿಂತರು. ಸೀನಪ್ಪ ಬಾಗಿಲು ಹಾಕಿದ. ಹಗ್ಗ ಬಿಗಿಯಾಯಿತು.

"—ಡಬ್ಬಿನಾಗೆ," ಎಂದು ಜಯರಾಮಪ್ಪ ತೆರೆದ ಬಾಗಿಲಿಗೆ ಹೇಳಿ, ಲಿವರನ್ನು ಮೆಲ್ಲಗೆ ಬಿಟ್ಟ.